ನನ್ನ ಲೇಖನದಲ್ಲಿ ಅಚ್ಚಾಗಿರುವ ಎಸ್. ನಾಗಯ್ಯ ಯಾರೆಂದು ತೀರ್ಮಾನಿಸುವ ಬಗ್ಗೆ

ದಿನಾಂಕ: 20-11-2025

ಇಂದ:
ಸಮತಾ ಎನ್.,
ಸಂಶೋಧನಾ ವಿದ್ಯಾರ್ಥಿನಿ (ರಾಸಾಯನಿಕ ಭೌತಶಾಸ್ತ್ರ),
ಒಳಗಿನ ರೂಮು, ನಮ್ಮ ಮನೆ,
ಜನ್ನಾಪುರ, ಭದ್ರಾವತಿ.

ಗೆ:
ಶ್ರೀ ಎಸ್. ನಾಗಯ್ಯನವರು,
ಹೀಟ್ ಟ್ರೀಟ್‌ಮೆಂಟ್ ವಿಭಾಗ (ನಿವೃತ್ತ), ಟೋಕನ್ ಸಂಖ್ಯೆ 4417,
ಮನೆಯ ಯಜಮಾನರು ಹಾಗೂ ಈಚೆಗೆ ವಿಜ್ಞಾನಿಗಳು,
ಮುಂದಿನ ಜಗಲಿ, ಅದೇ ಮನೆ.

ಮುಖಾಂತರ:
ಶ್ರೀಮತಿ ದುರ್ಗಮ್ಮನವರು, ಅಡುಗೆಮನೆ.

ವಿಷಯ: ನೀರಿನ ಹನಿ ಕುರಿತ ಸಂಶೋಧನಾ ಲೇಖನದಲ್ಲಿ ಲೇಖಕರ ಹೆಸರು ತಿದ್ದುಪಡಿಗೆ ತಮ್ಮ ಸಹಿ ಕೋರಿ.

ಉಲ್ಲೇಖ:
1) ತಮ್ಮ ಮೌಖಿಕ ಆದೇಶ: “ಬರ್ದು ಕೊಡು, ನೋಡೋಣ.” ದಿನಾಂಕ 11-11-2025, ಸ್ಥಳ: ಜಗಲಿ.
2) ಫ್ರಿಜ್ ಬಾಗಿಲಿಗೆ ತಾವು ಅಂಟಿಸಿರುವ ಸೂಚನೆ: “ಅರ್ಜಿ ಬಾರದ ಹೊರತು ಮಾತುಕತೆ ಇಲ್ಲ.” ದಿನಾಂಕ 12-11-2025.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಏಕೈಕ ಮಗಳಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಈ ಮನೆಯಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ ಎಂಬುದು ನನಗೆ ಬುದ್ಧಿ ಬಂದಾಗಿನಿಂದ ತಿಳಿದ ವಿಷಯ. ತಾವು ಮೂವತ್ತೊಂದು ವರ್ಷ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು, ಅದರಲ್ಲಿ ಹನ್ನೆರಡು ವರ್ಷ ಕಾರ್ಮಿಕರ ಸಂಘದ ಜಂಟಿ ಕಾರ್ಯದರ್ಶಿಯಾಗಿ, ಬರವಣಿಗೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂಬ ನಿಲುವಿಗೆ ಬಂದವರು. ಕಾರಣ, ನಾನು ನಾಲ್ಕನೇ ತರಗತಿಯಲ್ಲಿ ಶಾಲೆಯ ಪ್ರವಾಸಕ್ಕೆ ಹೋಗಲು ಅರ್ಜಿ ಬರೆದೆ. ಪಿಯುಸಿಯಲ್ಲಿ ಜಡೆ ಕತ್ತರಿಸಿಕೊಳ್ಳಲು ಅರ್ಜಿ ಬರೆದೆ; ಅದು ತಿರಸ್ಕೃತವಾಯಿತು, ಮೇಲ್ಮನವಿಯಲ್ಲಿ ಗೆದ್ದೆ. ಅಮ್ಮನವರು 2022ರಲ್ಲಿ ಸಲ್ಲಿಸಿದ “ಮಿಕ್ಸಿಯ ಚಟ್ನಿ ಜಾರ್ ಬದಲಾಯಿಸುವ ಕುರಿತು” ಎಂಬ ಅರ್ಜಿಯ ಅಂಚಿನಲ್ಲಿ ತಾವು “ಚರ್ಚಿಸಿ” ಎಂದು ಷರಾ ಬರೆದು ವಾಪಸ್ ಕೊಟ್ಟಿದ್ದೀರಿ. “ಯಾರ ಜತೆ ಚರ್ಚಿಸ್ಲಿ ಮಾರಾಯ್ತಿ, ಮನೇಲಿರೋದೇ ಇವರು” ಎಂದು ಅಮ್ಮ ಇಂದಿಗೂ ಕೇಳುತ್ತಿದ್ದಾರೆ. ತಮ್ಮ ಆವಕ ರಿಜಿಸ್ಟರಿನ ಪ್ರಕಾರ ಇದು ನನ್ನ ನೂರ ಹದಿಮೂರನೇ ಅರ್ಜಿ. ಇದರ ಮೇಲೆ “ಚರ್ಚಿಸಿ” ಎಂದು ಬರೆಯಬಾರದಾಗಿ ಮೊದಲೇ ಕೋರುತ್ತೇನೆ. ಸಮಯವಿಲ್ಲ.

2. ನನ್ನ ವಿಷಯ ರಾಸಾಯನಿಕ ಭೌತಶಾಸ್ತ್ರ. ಅದು ಕೆಮಿಸ್ಟ್ರಿಯೋ ಫಿಸಿಕ್ಸೋ ಎಂದು ಬಂಧುಗಳು ಪ್ರತಿ ಮದುವೆಯಲ್ಲೂ ಕೇಳುತ್ತಾರೆ. ಬಂಧುಗಳನ್ನು ದೂರುವಂತಿಲ್ಲ, ಯಾಕೆಂದರೆ ವಿಶ್ವವಿದ್ಯಾಲಯಕ್ಕೂ ಅದು ಗೊತ್ತಿಲ್ಲ. ಕೆಮಿಸ್ಟ್ರಿಯವರು ನನ್ನನ್ನು ಫಿಸಿಕ್ಸಿನವಳು ಎನ್ನುತ್ತಾರೆ, ಫಿಸಿಕ್ಸಿನವರು ಕೆಮಿಸ್ಟ್ರಿಯವಳು ಎನ್ನುತ್ತಾರೆ. ತತ್ಪರಿಣಾಮವಾಗಿ ನನ್ನ ಪ್ರಯೋಗದ ಮೇಜು ಎರಡೂ ವಿಭಾಗಗಳ ನಡುವಿನ ಮೆಟ್ಟಿಲ ಕೆಳಗೆ ಐದು ವರ್ಷದಿಂದ ಇದೆ. ಅಲ್ಲಿ ನಾನು ಮಾಡಿದ್ದು ಇಷ್ಟು: ಉಕ್ಕಿನ ತಟ್ಟೆಯೊಂದನ್ನು ಕಾಯಿಸಿ ಅದರ ಮೇಲೆ ಉಪ್ಪುನೀರಿನ ಹನಿ ಬಿಡುವುದು. ತಟ್ಟೆ ಸಾಧಾರಣ ಬಿಸಿ ಇದ್ದರೆ ಹನಿ ಚುಂಯ್ ಎಂದು ಕುದಿದು ಹೋಗುತ್ತದೆ. ಇನ್ನೂ ಜಾಸ್ತಿ ಕಾದರೆ ಹನಿ ತನ್ನದೇ ಆವಿಯ ಮೇಲೆ ತೇಲಿಕೊಂಡು, ತಟ್ಟೆಯನ್ನು ಮುಟ್ಟದೆ, ಗೋಲಿಯ ಹಾಗೆ ಓಡಾಡುತ್ತದೆ. ದೋಸೆ ಕಾವಲಿಗೆ ನೀರು ಚಿಮುಕಿಸುವ ಎಲ್ಲರೂ ಇದನ್ನು ನೋಡಿದ್ದಾರೆ. ಯಾವ ಉಷ್ಣತೆಗೆ ಹನಿ ಕೂರುವುದನ್ನು ಬಿಟ್ಟು ತೇಲಲು ಶುರುಮಾಡುತ್ತದೆ ಎಂಬುದೇ ನನ್ನ ಪ್ರಶ್ನೆ. ಇದನ್ನು ಕೇಳಿ ಅಮ್ಮ, “ಇದಕ್ಕೆ ಐದು ವರ್ಷ ಬೇಕೇನೇ?” ಎಂದಿದ್ದರು. ಉತ್ತರ ಕೊಟ್ಟಿರಲಿಲ್ಲ. ಈಗಲೂ ಕೊಡುವುದಿಲ್ಲ.

3. ಪಿಎಚ್.ಡಿ. ಪ್ರಬಂಧ ಸಲ್ಲಿಸಬೇಕಾದರೆ ಅಭ್ಯರ್ಥಿಯ ಹೆಸರಿನಲ್ಲಿ ಕನಿಷ್ಠ ಒಂದು ಸಂಶೋಧನಾ ಲೇಖನವಾದರೂ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿರಬೇಕು. “ಅಭ್ಯರ್ಥಿಯ ಹೆಸರಿನಲ್ಲಿ” ಎಂಬ ಪದಗಳನ್ನು ದಯವಿಟ್ಟು ಗಮನಿಸುವುದು.

4. ಲೇಖನ ಬರೆಯುವುದು ಸುಲಭ, ಕಳಿಸುವುದು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಪತ್ರಿಕೆ ಎರಡು ಗಂಟೆಯೊಳಗೆ ವಾಪಸ್ ಕಳಿಸಿತು. ನಾನು ಶಿವಮೊಗ್ಗದಲ್ಲಿ ಸಬ್ಮಿಟ್ ಬಟನ್ ಒತ್ತಿ, ಬಸ್ಸು ಹತ್ತಿ, ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಬೇಡವೆಂದು ಬಂದಿತ್ತು. ಎರಡನೆಯದು ಏಳು ತಿಂಗಳು ಇಟ್ಟುಕೊಂಡು, ಇದು ನಮ್ಮ ವಿಷಯವಲ್ಲ ಎಂದಿತು. ಏಳು ತಿಂಗಳು ಬೇಕಾಯಿತಾ ಅದಕ್ಕೆ? ಮೂರನೆಯ ಪತ್ರಿಕೆಗೆ ಚಿತ್ರಗಳು ಇಷ್ಟೇ ಅಗಲ ಇರಬೇಕು, ಉಲ್ಲೇಖಗಳು ಹೀಗೇ ಇರಬೇಕು, ಸಾರಾಂಶ ನೂರೈವತ್ತು ಪದ ಮೀರಬಾರದು ಎಂದು ನಲವತ್ತು ಪುಟದ ಸೂಚನೆ ಇತ್ತು. ಕಂಪ್ಯೂಟರಿನಲ್ಲಿ “ಫೈನಲ್”, “ಫೈನಲ್ ನಿಜವಾದದ್ದು”, “ಫೈನಲ್ ಸರ್ ನೋಡಿದ ಮೇಲೆ”, “ಇದೇ ಫೈನಲ್ ಆಣೆಗೂ” ಎಂಬ ಹೆಸರಿನ ಹದಿನೇಳು ಕಡತಗಳಾದವು. ಸಂಪಾದಕರಿಗೆ ಮನವಿ ಪತ್ರ ಬರೆಯಬೇಕೆಂದಾಗ ತಮ್ಮ ತರಬೇತಿಯಂತೆ ಇಂದ, ಗೆ, ವಿಷಯ, ಉಲ್ಲೇಖ ಎಲ್ಲಾ ಹಾಕಿ ಬರೆದೆ. ನನ್ನ ಮಾರ್ಗದರ್ಶಕರಾದ ಡಾ. ಹರಿಪ್ರಸಾದ್ ಅವರು ಶಿವಮೊಗ್ಗದ ಗೋಪಾಳದಲ್ಲಿರುವ ತಮ್ಮ ಮನೆಯ ಸೋಫಾದಲ್ಲಿ ಕೂತು ಅದನ್ನು ಓದಿ, “ಏನಮ್ಮಾ ಇದು, ನಲ್ಲಿ ಕನೆಕ್ಷನ್‌ಗೆ ಅರ್ಜಿ ಹಾಕ್ದಂಗಿದೆ” ಎಂದರು. ಲೇಖಕರಲ್ಲಿ ಹಿತಾಸಕ್ತಿಯ ತಿಕ್ಕಾಟವೇನಾದರೂ ಇದೆಯೇ ಎಂಬ ಕಾಲಂ ಇತ್ತು. “ಇಲ್ಲ” ಎಂದು ಬರೆದೆ. ಆಗ ಇರಲಿಲ್ಲ.

5. ಈಗ ಮುಖ್ಯ ವಿಷಯ. ಸದರಿ ಪತ್ರಿಕೆಯ ಇಂಗ್ಲಿಷ್ ಫಾರಮ್ಮಿನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕ ಇದ್ದವು. ಮೊದಲನೆಯದರಲ್ಲಿ ಸಮತಾ ಎಂದು ತುಂಬಿದೆ. ಕೊನೆಯದರಲ್ಲಿ “ಎನ್” ಎಂದು ತುಂಬಿದೆ. ಕೆಂಪು ಅಕ್ಷರದಲ್ಲಿ ಬಂತು: ಕೊನೆಯ ಹೆಸರಿಗೆ ಎರಡಕ್ಷರವಾದರೂ ಇರಬೇಕು. “ಎನ್” ಪಕ್ಕ ಚುಕ್ಕೆ ಇಟ್ಟೆ. ಚುಕ್ಕೆ ಅಕ್ಷರವಲ್ಲ ಎಂದಿತು. ಎರಡು ಸಲ “ಎನ್” ಒತ್ತಿದೆ. ಒಪ್ಪಿತು, ಆದರೆ ಸಮತಾ ಎನ್ಎನ್ ಎಂದು ಪ್ರಪಂಚಕ್ಕೆ ಪರಿಚಯವಾಗಲು ಮನಸ್ಸು ಬರಲಿಲ್ಲ. ಹರಿಪ್ರಸಾದ್ ಸರ್ ಈ ಸಮಸ್ಯೆಯನ್ನು ಮೂವತ್ತು ವರ್ಷದ ಹಿಂದೆಯೇ ಬಗೆಹರಿಸಿಕೊಂಡವರು. ಅವರು ತಮ್ಮದೇ ಹೆಸರನ್ನು ನಡುವೆ ಕತ್ತರಿಸಿ, ಹರಿಯನ್ನು ಮೊದಲ ಚೌಕಕ್ಕೂ ಪ್ರಸಾದನನ್ನು ಕೊನೆಯ ಚೌಕಕ್ಕೂ ಹಾಕಿದ್ದಾರೆ. “ನೀನೂ ಕತ್ತರಿಸು, ‘ಸಮ’ ಒಂದ್ಕಡೆ, ‘ತಾ’ ಒಂದ್ಕಡೆ” ಎಂದರು. ಒಪ್ಪಲಿಲ್ಲ. ನಮ್ಮಲ್ಲಿ ಮನೆತನದ ಹೆಸರು ಎಂಬುದೇ ಇಲ್ಲ, ಇರುವುದು ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ. ಆದ್ದರಿಂದ ಆ ಅಕ್ಷರವನ್ನು ಬಿಡಿಸಿ “ನಾಗಯ್ಯ” ಎಂದು ಬರೆದೆ. ಫಾರಂ ಹಸಿರಾಯಿತು.

6. ಆ ಪತ್ರಿಕೆಯವರಿಗೆ ಮೊದಲ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿ ಅಚ್ಚುಮಾಡುವ ಪದ್ಧತಿ ಇದೆಯೆಂದು ನಾನು ನಲವತ್ತು ಪುಟದಲ್ಲಿ ಓದಿರಲಿಲ್ಲ. ಅಂದರೆ, ಸಮತಾ ನಾಗಯ್ಯ ಎಂಬ ನಾನು ಅವರ ಲೆಕ್ಕದಲ್ಲಿ “ಎಸ್. ನಾಗಯ್ಯ”. ತಾವು ಯಾರು? ಸಿದ್ದಯ್ಯನ ಮಗ ನಾಗಯ್ಯ. ಕಾರ್ಖಾನೆಯ ಟೋಕನ್ ಮೇಲೆ, ರೇಷನ್ ಕಾರ್ಡಿನ ಮೇಲೆ, ಗೇಟಿನ ಫಲಕದ ಮೇಲೆ, ಎಲ್ಲಾ ಕಡೆ ಎಸ್. ನಾಗಯ್ಯ.

7. ಇಮೇಲ್ ವಿಷಯದಲ್ಲಿ ತಪ್ಪು ಪೂರಾ ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಚಿಕ್ಕಪ್ಪನ ಮಗ ಯೋಗರಾಜನ ಮದುವೆಯ ವಿಡಿಯೋಗಳಿಂದ ನನ್ನ ಮೇಲ್ ಡಬ್ಬಿ ತುಂಬಿ, ಹೊಸ ಕಾಗದ ಒಳಗೆ ಬರದಂತಾಗಿತ್ತು. ಕಾರಣ, ತಮ್ಮ ಪಿಂಚಣಿ ಕೆಲಸಕ್ಕೆಂದು ನಾನೇ ಮಾಡಿಕೊಟ್ಟಿದ್ದ, ಖಾಲಿ ಬಿದ್ದಿದ್ದ ತಮ್ಮ ವಿಳಾಸವನ್ನು ಫಾರಮ್ಮಿನಲ್ಲಿ ಕೊಟ್ಟೆ. ಅದು ತಮ್ಮ ಫೋನಿನಲ್ಲಿ ಟಿಂಗ್ ಎನ್ನುತ್ತದೆ ಎಂಬುದು ನೆನಪಿಗೆ ಬರಲಿಲ್ಲ.

8. ಟಿಂಗ್ ಎಂದಿತು. “ಪ್ರಿಯ ಡಾಕ್ಟರ್ ನಾಗಯ್ಯ” ಎಂದು ಶುರುವಾಗುವ ಕಾಗದ ಬಂತು. ಬೇರೆ ವಿಜ್ಞಾನಿಗಳು ತಮ್ಮ ಹೆಸರು ಮರೆಮಾಚಿಕೊಂಡು ನಮ್ಮ ಲೇಖನ ಓದಿ ತಪ್ಪು ಹುಡುಕುವ ಪದ್ಧತಿ ಒಂದುಂಟು. ಅವರಲ್ಲಿ ಒಂದನೇ ಪರೀಕ್ಷಕರು ಅಲ್ಪವಿರಾಮ ತಿದ್ದಿದ್ದರು. ಎರಡನೇ ಪರೀಕ್ಷಕರು ಒಂದೇ ಪ್ರಶ್ನೆ ಹಾಕಿದ್ದರು: ಇನ್ನೂರ ನಲವತ್ತು ಡಿಗ್ರಿಯಲ್ಲಿ ನಿಮ್ಮ ಹನಿ ಒಮ್ಮೆ ತೇಲುತ್ತದೆ, ಒಮ್ಮೆ ಕೂರುತ್ತದೆ, ಅದೇ ತಟ್ಟೆ, ಅದೇ ನೀರು, ಅದೇ ಬಿಸಿ, ಹೀಗೇಕೆ? ನಾನೂ ಸರ್ರೂ ಪತ್ರಿಕೆಯ ಜಾಲತಾಣದಲ್ಲಿ ಇದನ್ನು ಓದಿ, ಆರು ವಾರ ಸಮೀಕರಣ ಬರೆದೆವು, ಅಳಿಸಿದೆವು. ಸರ್ ಅವರ ಶ್ರೀಮತಿ ರಶ್ಮಿ ಮೇಡಂ ನನ್ನನ್ನು ಕಂಡರೆ ಸುಮ್ಮನೆ ಒಂದು ಲೋಟ ಜಾಸ್ತಿ ಅಕ್ಕಿ ಹಾಕುತ್ತಿದ್ದರು. ಉತ್ತರ ಸಿಗಲಿಲ್ಲ. ನಾನು ಮನೆಯಲ್ಲಿ ಉಣ್ಣದೆ ತಟ್ಟೆಯ ಅನ್ನ ಕಲಸುತ್ತಾ ಕೂರುತ್ತಿದ್ದುದನ್ನು ತಾವು ನೋಡಿದ್ದೀರಿ.

9. ಆ ಅವಧಿಯಲ್ಲಿ ತಾವು ಆ ಕಾಗದವನ್ನು ಫೋನಿನಲ್ಲೇ ಕನ್ನಡ ಮಾಡಿಸಿ ಓದಿ, ನನಗೆ ಒಂದು ಮಾತೂ ತಿಳಿಸದೆ ಸಂಪಾದಕರಿಗೆ ನೇರ ಉತ್ತರ ಬರೆದಿರಿ. ಫೋನಿಗೆ ಕನ್ನಡದಲ್ಲಿ ಹೇಳಿ, ಅದರಿಂದ ಇಂಗ್ಲಿಷ್ ಮಾಡಿಸಿ ಕಳಿಸಿದ ಆ ಪತ್ರದ ಕನ್ನಡ ಮೂಲ ಹೀಗಿದೆ (ಅಡಕ 2): “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಟೋಕನ್ ಸಂಖ್ಯೆ 4417 ಎಸ್. ನಾಗಯ್ಯ ಆದ ನಾನು ತಿಳಿಸುವುದೇನೆಂದರೆ, ಸ್ವಾಮಿ, ಕಬ್ಬಿಣ ಕಾದು ಕಾದು ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ಕಟ್ಟಿದ ಕಬ್ಬಿಣ ನೀರನ್ನು ಹಿಡಿದುಕೊಳ್ಳುತ್ತದೆ. ಉಜ್ಜಿದ ಕಬ್ಬಿಣ ಬಿಟ್ಟುಬಿಡುತ್ತದೆ. ಇದು ಕಾರ್ಖಾನೆಯ ನಮ್ಮ ಶಾಪಿನಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ತಟ್ಟೆಯನ್ನು ಯಾರು, ಯಾವ ದಿನ ಉಜ್ಜಿದರು ಎಂದು ವಿಚಾರಣೆ ನಡೆಸತಕ್ಕದ್ದು.” ಕಾದ ಕಬ್ಬಿಣದ ಮೇಲೆ ಕಟ್ಟುವ ಕರಿ ಪದರಕ್ಕೆ ತಾವು ಹೇಳಿದ ಹಕ್ಕಳೆಯನ್ನು ಫೋನು ಗಾಯದ ಮೇಲೆ ಕಟ್ಟುವ ಹಕ್ಕಳೆ ಎಂದೇ ಅನುವಾದ ಮಾಡಿತ್ತು. ಎರಡನೇ ಪರೀಕ್ಷಕರಿಂದ ಎರಡೇ ದಿನಕ್ಕೆ ಮಾರುತ್ತರ ಬಂತು: ಲೇಖಕರ “ಗಾಯದ ಹಕ್ಕಳೆ ಸಿದ್ಧಾಂತ” ಬಹಳ ಆಸಕ್ತಿಕರವಾಗಿದೆ, ದಯವಿಟ್ಟು ಪುರಾವೆ ಒದಗಿಸಿ.

10. ನಾನು ಆ ಮಾರುತ್ತರವನ್ನು ಜಾಲತಾಣದಲ್ಲಿ ನೋಡಿ ಜಗಲಿಗೆ ಓಡಿಬಂದಾಗ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನು ದಾಖಲೆಗಾಗಿ ಇಲ್ಲಿ ಕೊಟ್ಟಿದ್ದೇನೆ.

“ಅಪ್ಪಾ, ಯಾವ ಹಕ್ಕಳೆ? ಯಾರಿಗೇನು ಬರ್ದ್ರಿ?”

“ಕೂತ್ಕೋ. ನಿನ್ನ ತಟ್ಟೆ ಉಜ್ಜೋರ್ಯಾರು?”

“ಅಟೆಂಡರ್ ರಂಗಪ್ಪ.”

“ದಿನಾ ಉಜ್ತಾನಾ?”

“ಬಂದ ದಿನ ಉಜ್ತಾರೆ.”

“ಬಂದಿದ್ದು ಯಾವತ್ಯಾವತ್ತು?”

“ನಂಗೇನ್ ಗೊತ್ತಪ್ಪಾ, ಅದೆಲ್ಲಾ ನಾನು ಬರ್ಕೊಂಡಿಲ್ಲ.”

“ಬರ್ಕೊಂಡಿಲ್ಲ” ಎಂದು ತಾವು ನನ್ನ ಮಾತನ್ನೇ ಅಮ್ಮನಿಗೆ ಕೇಳುವಂತೆ ಇನ್ನೊಂದು ಸಲ ಹೇಳಿ, ಆಮೇಲೆ ನನ್ನ ಕಡೆ ತಿರುಗಿ, “ಹೋಗಿ ಹಾಜರಾತಿ ಪುಸ್ತಕ ತಗೊಂಬಾ” ಎಂದಿರಿ.

11. ರಂಗಪ್ಪನವರು ಹಾಜರಾತಿ ಪುಸ್ತಕ ಕೊಡಲು ಮೊದಲು ಒಪ್ಪಲಿಲ್ಲ. “ಮೇಡಂ, ನನ್ನ ರಜಾನೆಲ್ಲ ಫಾರಿನ್‌ಗೆ ಕಳಿಸ್ತೀರಂತೆ, ಇನ್ನೆರಡು ವರ್ಷ ಸರ್ವಿಸ್ ಇದೆ ನಂಗೆ” ಎಂದು ಗಾಬರಿಯಾದರು. ಅವರ ಹೆಸರು ಹೊರಗೆ ಬರುವುದಿಲ್ಲ ಎಂದು ನಾನು ಬರೆದು ಸಹಿ ಹಾಕಿ ಕೊಟ್ಟ ಮೇಲೆ ಕೊಟ್ಟರು. ನನ್ನ ನೂರ ಎಂಬತ್ತಾರು ಅಳತೆಗಳನ್ನು ನಾನು ಅವರ ಹಾಜರಿಗೆ ಹೋಲಿಸಿ ನೋಡಿದೆ. ರಂಗಪ್ಪ ಬಂದ ದಿನಗಳಲ್ಲಿ ತಟ್ಟೆ ಉಜ್ಜಿದ್ದಾಗಿತ್ತು, ಹನಿ ತೇಲಿತ್ತು. ರಂಗಪ್ಪ ಬಾರದ ದಿನಗಳಲ್ಲಿ ತಟ್ಟೆಗೆ ಹಕ್ಕಳೆ ಇತ್ತು, ಹನಿ ಕೂತಿತ್ತು. ಐದು ವರ್ಷ ಚೆಲ್ಲಾಪಿಲ್ಲಿಯಾಗಿದ್ದ ಚುಕ್ಕೆಗಳು ಎರಡು ನೇರ ಗೆರೆಗಳಾಗಿ ನಿಂತವು. ಒಂದು ಗೆರೆ ಹಾಜರಿ, ಇನ್ನೊಂದು ಗೆರೆ ಗೈರುಹಾಜರಿ. ನಾನು ಮೆಟ್ಟಿಲ ಕೆಳಗೆ ಕೂತು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ರಂಗಪ್ಪನವರಿಗೆ ಒಂದು ಕಪ್ ಕಾಫಿ ಕೊಡಿಸಿದೆ. ಅವರು ಅದನ್ನೂ ಅನುಮಾನದಿಂದಲೇ ಕುಡಿದರು.

ಆಮೇಲೆ ಬೇಕೆಂದೇ ಒಂದು ದಿನ ಉಜ್ಜಿ, ಒಂದು ದಿನ ಬಿಟ್ಟು ಮತ್ತೆ ಅಳೆದೆವು. ತಾವು ಹೇಳಿದ್ದೇ ಸರಿ.

12. ಲೇಖನ ಸ್ವೀಕಾರವಾಯಿತು. ಅಚ್ಚಾಯಿತು. ಲೇಖಕರು: ಎಸ್. ನಾಗಯ್ಯ ಮತ್ತು ಎಚ್. ಪ್ರಸಾದ್. ಪ್ರಪಂಚದ ರಾಸಾಯನಿಕ ಭೌತಶಾಸ್ತ್ರಕ್ಕೆ “ಗಾಯದ ಹಕ್ಕಳೆ” ಎಂಬ ಪಾರಿಭಾಷಿಕ ಪದ ಜನ್ನಾಪುರದಿಂದ ಹೋಯಿತು. ಮೊದಲ ಪುಟವನ್ನು ತಾವು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಚಹದ ಅಂಗಡಿಗೆ ಒಯ್ದಿರಿ. ನಿವೃತ್ತರಾದ ತಮ್ಮ ಗೆಳೆಯರು ಅಂದಿನಿಂದ ತಮ್ಮನ್ನು “ಡಾಕ್ಟ್ರೇ” ಎಂದು ಕರೆಯುತ್ತಾರೆ. ಪಕ್ಕದ ಬೀದಿಯ ವಿಶಾಲಮ್ಮನವರು ಮಂಡಿ ನೋವಿಗೆ ಮಾತ್ರೆ ಕೇಳಿಕೊಂಡು ಬಂದಿದ್ದರು. ತಾವು ಕೊಟ್ಟಿರಿ ಕೂಡ.

13. ತದನಂತರ ತಮ್ಮ ವೈಜ್ಞಾನಿಕ ಜೀವನ ನನ್ನದಕ್ಕಿಂತ ವೇಗವಾಗಿ ಸಾಗಿದೆ.

(ಅ) ವಿಯೆನ್ನಾದ ಸಮ್ಮೇಳನವೊಂದಕ್ಕೆ “ಹೆಸರಾಂತ ಪ್ರೊಫೆಸರ್ ನಾಗಯ್ಯ” ಎಂದು ಕರೆ ಬಂದಾಗ, “ಇದೇ ತಿಂಗಳಲ್ಲಿ ಪಿಂಚಣಿಗೆ ಜೀವನ ಪ್ರಮಾಣ ಪತ್ರ ಕೊಡಬೇಕಾಗಿದೆ. ಬದುಕಿದ್ದೇನೆಂದು ಇಲ್ಲಿ ತೋರಿಸದೆ ಅಲ್ಲಿಗೆ ಬರಲು ಸಾಧ್ಯವಿಲ್ಲ” ಎಂದು ಉತ್ತರಿಸಿದ್ದೀರಿ.

(ಆ) ಅದೇ ಪತ್ರಿಕೆಯವರು ಬೇರೊಂದು ದೇಶದ ವಿಜ್ಞಾನಿಗಳ ಲೇಖನವನ್ನು ಪರೀಕ್ಷೆಗೆಂದು ತಮಗೆ ಕಳಿಸಿದರು. ಬೇಡ ಎಂದು ನಾನು ಬಡಿದುಕೊಂಡೆ. ತಾವು ಮೂರು ದಿನ ಕನ್ನಡಕ ಹಾಕಿಕೊಂಡು ಕೂತು ಬರೆದ ತೀರ್ಪು: “ತಟ್ಟೆಯನ್ನು ಉಜ್ಜಿದ ಬಗ್ಗೆ ದಾಖಲೆ ಇಲ್ಲ. ಅರ್ಜಿದಾರರು ಸದರಿ ತಟ್ಟೆಯೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು.” ಸಂಪಾದಕರು ಧನ್ಯವಾದ ಹೇಳಿ, ಇಷ್ಟು ಸ್ಪಷ್ಟವಾದ ಪರೀಕ್ಷಾ ವರದಿ ಅಪರೂಪ ಎಂದು ಬರೆದಿದ್ದಾರೆ. ನನಗೆ ಇಲ್ಲಿಯವರೆಗೆ ಯಾವ ಸಂಪಾದಕರೂ ಧನ್ಯವಾದ ಹೇಳಿಲ್ಲ.

14. ಇದೇ ತಿಂಗಳ ಹತ್ತನೇ ತಾರೀಖು ನಾನು ಪಿಎಚ್.ಡಿ. ಪ್ರಬಂಧದ ಐದು ಪ್ರತಿ ಹೊತ್ತುಕೊಂಡು ವಿಶ್ವವಿದ್ಯಾಲಯದ ಕಚೇರಿಗೆ ಸಲ್ಲಿಸಲು ಹೋದೆ. ಅಲ್ಲಿನ ಗುಮಾಸ್ತರು ಅಚ್ಚಾದ ಲೇಖನ ನೋಡಿ ಕೇಳಿದರು.

“ಇದ್ಯಾರಮ್ಮ ಎಸ್. ನಾಗಯ್ಯ?”

“ಅದು ನಾನೇ ಸರ್.”

“ನೀವು ಸಮತಾ ಎನ್. ಅಲ್ವಾ?”

“ಎನ್ ಅಂದ್ರೆ ನಾಗಯ್ಯ ಸರ್. ನಮ್ಮಪ್ಪ.”

“ಎಸ್. ನಾಗಯ್ಯ ಅನ್ನೋರು ಬೇರೆ ಇದಾರಾ ಹಂಗಾದ್ರೆ?”

“ಇದಾರೆ ಸರ್. ಅವರೂ ನಮ್ಮಪ್ಪನೇ.”

ಅವರು ಕನ್ನಡಕ ತೆಗೆದು, “ಹಂಗಾದ್ರೆ ಡಿಗ್ರಿ ಅವರಿಗೇ ಕೊಡ್ಬೇಕಾಗುತ್ತಲ್ಲಮ್ಮ” ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಇದು ನನ್ನದೇ ಲೇಖನ ಎಂದು ಪತ್ರಿಕೆಯಿಂದ ತಿದ್ದುಪಡಿ ಬರಬೇಕು, ಇಲ್ಲವೇ ಎಸ್. ನಾಗಯ್ಯ ಎಂಬುವರು “ಇದರ ಲೇಖಕ ನಾನಲ್ಲ” ಎಂದು ಬರೆದುಕೊಡಬೇಕು ಎಂದರು. ಕೊನೆಯ ದಿನಾಂಕ 28-11-2025. ಅದು ತಪ್ಪಿದರೆ ನನ್ನ ನೋಂದಣಿಯೇ ರದ್ದಾಗುತ್ತದೆ. ಐದು ವರ್ಷ, ಮೆಟ್ಟಿಲ ಕೆಳಗಿನ ಮೇಜು, ಎಲ್ಲಾ ಹೋಗುತ್ತದೆ. ಪತ್ರಿಕೆಯನ್ನು ಕೇಳಿದರೆ, ಲೇಖಕರ ನೋಂದಾಯಿತ ಇಮೇಲಿನಿಂದ ಸಹಿಮಾಡಿದ ಒಪ್ಪಿಗೆ ಬಂದರೆ ಮಾತ್ರ ತಿದ್ದುತ್ತೇವೆ ಎಂದರು. ನೋಂದಾಯಿತ ಇಮೇಲು ತಮ್ಮದು. ಒಟ್ಟಿನಲ್ಲಿ ಯಾವ ದಾರಿಯಲ್ಲಿ ಹೋದರೂ ಜಗಲಿಗೇ ಬಂದು ನಿಲ್ಲುತ್ತದೆ.

15. ಕಾರಣ, ಹನ್ನೊಂದನೇ ತಾರೀಖು ಜಗಲಿಯಲ್ಲಿ ತಮ್ಮ ಮುಂದೆ ಕಾಗದ ಇಟ್ಟು, “ಇದರ ಲೇಖಕ ನಾನಲ್ಲ ಅಂತ ಒಂದು ಸಹಿ ಹಾಕಪ್ಪಾ” ಎಂದೆ. ನಾನು ಹೇಳಿದ ರೀತಿ ಸರಿ ಇರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಚಪ್ಪಲಿ ಹಾಕಿಕೊಂಡೇ ಹೇಳಿದೆ. ತಾವು ಕಾಗದವನ್ನು ಓದಿ, ಮಡಚಿ, ವಾಪಸ್ ಕೊಟ್ಟು ಹೇಳಿದ ಮಾತು ಹೀಗಿದೆ:

“ನನ್ನ ಹೆಸರು ಎರಡೇ ಸಲ ಅಚ್ಚಾಗಿರೋದು ಕಣಮ್ಮ. ಸಂಘದ ಕರಪತ್ರದಲ್ಲಿ ನಾಗಪ್ಪ ಅಂತ ಹಾಕಿದ್ರು. ರಿಟೈರಾದಾಗ ಕಾರ್ಡಲ್ಲಿ ನಾಗರಾಜ ಅಂತ ಹಾಕಿದ್ರು. ನಮ್ಮಪ್ಪಂಗಾದ್ರೆ ಹೆಸರು ಬರೆಯೋಕೇ ಬರ್ತಿರ್ಲಿಲ್ಲ, ಹೆಬ್ಬೆಟ್ಟು. ನಂಗೆ ಬರುತ್ತೆ. ಈಗ ಒಂದ್ಸಲ ಸರಿಯಾಗಿ ಬಂದಿದೆ, ಅದೂ ನಾನು ಹೇಳಿದ ಮಾತಿಗೆ ಬಂದಿದೆ. ಅದನ್ನ ನಾನಲ್ಲ ಅಂತ ಬರ್ಕೊಡ್ಲಾ?”

“ಹಂಗಲ್ಲಪ್ಪಾ...” ಎಂದೆ.

“ಬರ್ದು ಕೊಡು, ನೋಡೋಣ” ಎಂದು ಒಳಗೆ ಹೋದಿರಿ.

16. ಅಂದಿನಿಂದ ಇಂದಿಗೆ ಒಂಬತ್ತು ದಿನ. ಈ ಅವಧಿಯಲ್ಲಿ ನಮ್ಮ ನಡುವಿನ ವ್ಯವಹಾರವೆಲ್ಲ ಫ್ರಿಜ್ ಬಾಗಿಲಿನ ಮೇಲೆ ನಡೆದಿದೆ. ಆರನೇ ದಿನ ನಾನು “ಹಾಲು ಖಾಲಿ” ಎಂದು ಅಂಟಿಸಿದ್ದಕ್ಕೆ ತಾವು “ಗಮನಿಸಿದೆ” ಎಂದು ಸಹಿ ಹಾಕಿದಿರಿ, ಹಾಲು ತರಲಿಲ್ಲ. ಮುಖಾಂತರದ ಅಧಿಕಾರಿಗಳಾದ ಅಮ್ಮನವರು, “ಅಪ್ಪಂದೂ ಮಗಳದೂ ಒಂದೇ ಹೆಸರಾಗಿದ್ದು ಸಾಲದು ಅಂತ ಒಂದೇ ಬುದ್ಧಿನೂ ಆಗಿದೆ” ಎಂದು ಮೌಖಿಕವಾಗಿ ಶಿಫಾರಸು ಮಾಡಿದ್ದಾರೆ. ನನಗೆ ತಮ್ಮ ಮೇಲೆ ಸಿಟ್ಟಿದೆ. ನನಗೆ ತಿಳಿಸದೆ ಸಂಪಾದಕರಿಗೆ ಬರೆದಿರಲ್ಲ ಎಂದು ಸಿಟ್ಟು. ನನಗೆ ಆರು ವಾರದಲ್ಲಿ ಹೊಳೆಯದ್ದು ತಮಗೆ ಕೂತಲ್ಲೇ ಗೊತ್ತಿತ್ತಲ್ಲ ಎಂದು ಅದಕ್ಕಿಂತ ಸಿಟ್ಟು. ಐದು ವರ್ಷ ಒಂದೇ ಮನೆಯಲ್ಲಿದ್ದು, ಕಾದ ಕಬ್ಬಿಣದ ಮುಂದೆ ಮೂವತ್ತೊಂದು ವರ್ಷ ನಿಂತವರನ್ನು, “ಅಪ್ಪಾ, ಹನಿ ಯಾಕೆ ಹಿಂಗೆ ಮಾಡುತ್ತೆ?” ಎಂದು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ಎಲ್ಲಕ್ಕಿಂತ ಜಾಸ್ತಿ ನನ್ನ ಮೇಲೆಯೇ ಸಿಟ್ಟು.

17. ಹೀಗಿರುವಾಗ ನಿನ್ನೆ ಗೋಪಾಳಕ್ಕೆ ಹೋಗಿ ಹರಿಪ್ರಸಾದ್ ಸರ್ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು, “ನಾನಲ್ಲ ಅಂತ ಅವರ ಹತ್ರ ಬರೆಸ್ಕೊಂಡ್ರೆ ಅದು ಸುಳ್ಳಾಗುತ್ತಲ್ಲಮ್ಮ. ಅವರು ಹೇಳ್ದಿದ್ರೆ ಈ ಪೇಪರ್ ಇನ್ನೂ ನನ್ನ ಬ್ಯಾಗಲ್ಲೇ ಇರ್ತಿತ್ತು. ನೀನು ಮೊದಲನೇ ಲೇಖಕಿ, ಅವರು ಎರಡನೇ ಲೇಖಕರು, ನಾನು ಮೂರು. ಹಂಗೇ ತಿದ್ಸು” ಎಂದರು. ಅಲ್ಲಿಂದಲೇ ಸಂಪಾದಕರಿಗೆ ಬರೆದೆವು. ಇಂದು ಬೆಳಿಗ್ಗೆ ಉತ್ತರ ಬಂದಿದೆ. ಲೇಖಕರ ಪಟ್ಟಿ ಎಸ್. ನಾಗಯ್ಯ, ಎಸ್. ನಾಗಯ್ಯ, ಎಚ್. ಪ್ರಸಾದ್ ಎಂದಾಗುವುದರಿಂದ ಮುದ್ರಣ ವಿಭಾಗದವರು ಒಂದೇ ಹೆಸರು ಎರಡು ಸಲ ಬಂದಿದೆಯೆಂದು ಒಂದನ್ನು ಅಳಿಸುತ್ತಾರಂತೆ. ಆದ್ದರಿಂದ ಈ ಒಂದು ಪ್ರಕರಣದಲ್ಲಿ ಮಾತ್ರ ನಿಯಮ ಸಡಿಲಿಸಿ, ಮೊದಲ ಹೆಸರನ್ನು ಇಳಿಸದೆ ಪೂರ್ತಿ ಅಚ್ಚುಮಾಡುತ್ತಾರಂತೆ. ಪೂರ್ತಿ ಹೆಸರುಗಳನ್ನು ತುಂಬಿ ಕಳಿಸಿ ಎಂದಿದ್ದಾರೆ.

18. ನನ್ನದನ್ನು ತುಂಬಿದೆ. ಸಮತಾ, ನಾಗಯ್ಯ.

ತಮ್ಮದನ್ನು ತುಂಬಲು ಕೂತೆ. ಕೊನೆಯ ಹೆಸರು, ನಾಗಯ್ಯ. ಮೊದಲ ಹೆಸರಿನ ಚೌಕದಲ್ಲಿ “ಎಸ್” ಎಂದು ಒತ್ತಿದೆ. ಎರಡಕ್ಷರವಾದರೂ ಇರಬೇಕು ಎಂದು ಅದೇ ಕೆಂಪು ಅಕ್ಷರ ಬಂತು. ಬಿಡಿಸಿ ಬರೆದೆ. ಸಿದ್ದಯ್ಯ.

ಕಾರ್ಖಾನೆಯ ಅಂಗಳದಲ್ಲಿ ಇದ್ದಿಲು ಹೊರುತ್ತಿದ್ದ, ಕೂಲಿಯವರ ಹಾಜರಿಯ ಮಸ್ಟರ್ ರೋಲಿನ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದ, ನಾನು ಫೋಟೋದಲ್ಲೂ ನೋಡಿರದ ತಾತನ ಹೆಸರು. ಫಾರಂ ಹಸಿರಾಯಿತು. ನಾನು ಆ ಅಕ್ಷರಗಳನ್ನು ಇನ್ನೊಂದು ಸಲ ಓದದೆ ಮುಂದಿನ ಕಾ‍ಲಮ್ಮಿಗೆ ಹೋಗಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲಾ ಕಾರಣಗಳಿಂದ, ತಮ್ಮಲ್ಲಿ ಕೋರುವುದೇನೆಂದರೆ:

ಹನ್ನೊಂದನೇ ತಾರೀಖಿನ ನನ್ನ ಕಾಗದವನ್ನು ಈ ಮೂಲಕ ಹಿಂಪಡೆದಿದ್ದೇನೆ. ಲೇಖಕ ನಾನಲ್ಲ ಎಂದು ತಾವು ಯಾರಿಗೂ ಬರೆದುಕೊಡಬೇಕಾಗಿಲ್ಲ. ಅದರ ಬದಲಿಗೆ ಅಡಕ 1ರ ಫಾರಮ್ಮಿನಲ್ಲಿ, ಎರಡನೇ ಲೇಖಕರ ಸಾಲಿನ ಮುಂದೆ ಸಹಿ ಹಾಕಿ, ಅದರ ಫೋಟೋ ತೆಗೆದು ತಮ್ಮ ಇಮೇಲಿನಿಂದ ಕಳಿಸಿಕೊಡಬೇಕು. ಲೇಖನಕ್ಕೆ ತಾವು ನೀಡಿದ ಕೊಡುಗೆ ಏನು ಎಂಬ ಕಾಲಮ್ಮಿನಲ್ಲಿ ನಾನೇ “ಕಾರಣ ಕಂಡುಹಿಡಿದವರು” ಎಂದು ತುಂಬಿದ್ದೇನೆ. ತಾವು ದುಡಿದ ಜಾಗದ ಕಾಲಮ್ಮಿನಲ್ಲಿ ಹೀಟ್ ಟ್ರೀಟ್‌ಮೆಂಟ್ ವಿಭಾಗ ಎಂದಿದೆ. ಟೋಕನ್ ಸಂಖ್ಯೆಗೆ ಕಾಲಂ ಇರಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಬರೆದಿದ್ದೇನೆ.

ಫ್ರಿಜ್ ಬಾಗಿಲಿನ ಸೂಚನೆಯನ್ನು ತೆಗೆದುಹಾಕುವ ಬಗ್ಗೆಯೂ ಪರಿಶೀಲಿಸಬೇಕು. ಅರ್ಜಿ ಬಂದಿದೆ.

ಇನ್ನು ಮುಂದೆ “ಪ್ರಿಯ ಸಿದ್ದಯ್ಯ” ಎಂದು ಶುರುವಾಗುವ ಕಾಗದಗಳು ತಮ್ಮ ಫೋನಿಗೆ ಬರುವ ಸಂಭವವಿದೆ. ಆಗ ಗಾಬರಿಪಡದೆ ಓದಿ, ಉತ್ತರಿಸುವ ಮೊದಲು ನನಗೊಂದು ಮಾತು ತಿಳಿಸಬೇಕು. ಬಾಯಲ್ಲಿ ತಿಳಿಸಿದರೂ ನಡೆಯುತ್ತದೆ.

ತಮ್ಮ ವಿಶ್ವಾಸಿ ಹಾಗೂ ತಮ್ಮ ಹೆಸರಿನ ಮೊದಲಕ್ಷರ ಹೊತ್ತವಳು,

(ಸಹಿ)
ಸಮತಾ ನಾಗಯ್ಯ

ಅಡಕಗಳು:
1) ಲೇಖಕರ ತಿದ್ದುಪಡಿ ಫಾರಂ, ಒಂದು ಪ್ರತಿ. ಸಹಿಯ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದೆ.
2) ತಾವು ಸಂಪಾದಕರಿಗೆ ಬರೆದ ಹಕ್ಕಳೆ ಪತ್ರದ ನಕಲು.
3) ರಂಗಪ್ಪನವರ ಹಾಜರಾತಿ, ಅವರ ಕೋರಿಕೆಯಂತೆ ಹೆಸರು ಮಸಿ ಬಳಿದು.
4) ಅಮ್ಮನವರ 2022ರ ಚಟ್ನಿ ಜಾರ್ ಅರ್ಜಿ. ಮುಖಾಂತರದ ಅಧಿಕಾರಿಗಳು ಇದನ್ನು ಸೇರಿಸದೆ ನನ್ನ ಅರ್ಜಿಯನ್ನು ಮುಂದಕ್ಕೆ ಕಳಿಸಲು ಒಪ್ಪಲಿಲ್ಲ.

ವಿಶೇಷ ಸೂಚನೆ: ಸಹಿ ಹಾಕುವಾಗ ಹಳೆಯ ಅಭ್ಯಾಸದಂತೆ ಎಸ್. ನಾಗಯ್ಯ ಎಂದು ಹಾಕಬಾರದು. ಹಾಗೆ ಹಾಕಿದರೆ ಅದು ತಮ್ಮದೋ ನನ್ನದೋ ಎಂದು ಮತ್ತೆ ಪ್ರಶ್ನೆ ಬರುತ್ತದೆ. ತಾತನ ಹೆಸರನ್ನು ಪೂರ್ತಿ ಬರೆಯಬೇಕಾಗಿ ವಿನಂತಿ.